ಎಡಕ್ಕೊಂದು, ಬಲಕ್ಕೊಂದು

ಮಕ್ಕಳೇ, ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಂಡು ನಡೆದು ನೋಡಿದ್ದೀರಾ? ಜೋಡಿ ಒಂದೇ, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಅಣುಗಳಲ್ಲೂ ಇಂಥ ಜೋಡಿಗಳಿವೆ. ಅದು ನನ್ನ ಮನಸ್ಸಿಗೆ ನಾಟಿದ್ದು ಅಜ್ಜನ ಮಾತ್ರೆಯಿಂದ.

ಅಜ್ಜನಿಗೆ ಪಾರ್ಕಿನ್‌ಸನ್ ಕಾಯಿಲೆ ಇತ್ತು. ಕಂಪವಾತ ಎನ್ನುತ್ತಾರಲ್ಲ, ಅದು. ಕಾಫಿ ಲೋಟ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಚೆಲ್ಲಿರುತ್ತಿತ್ತು. ಅಂಗಿಯ ಗುಂಡಿ ನಾನೇ ಹಾಕಬೇಕಿತ್ತು. ಮಾತ್ರೆ ನುಂಗಿ ಸ್ವಲ್ಪ ಹೊತ್ತಾದರೆ, "ಬಿಡು ಮಗಾ, ನಾನೇ ಹಾಕ್ಕೋತೀನಿ" ಅನ್ನುತ್ತಿದ್ದರು. ಆ ಮಾತ್ರೆಯಲ್ಲಿದ್ದುದು ಎಲ್-ಡೋಪಾ. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗುತ್ತದೆ. ಎಲ್-ಡೋಪಾ ಅಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ. ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದು ಇದೆ. (ಹಾಗೆಂದು ಬೀಜ ತಿನ್ನಲು ಹೋಗಬೇಡಿ!)

ಡೋಪಾಕ್ಕೆ ಎಡ, ಬಲ ಎಂಬ ಎರಡು ರೂಪಗಳು. ಔಷಧಿಗೆ ಎಡದ್ದೇ ಬೇಕು. ಬಲದ್ದು ಉಪಯೋಗಕ್ಕೆ ಬಾರದು, ತೊಂದರೆಯನ್ನೂ ತರಬಹುದು. ಆದರೆ ಸಾಮಾನ್ಯ ವಿಧಾನದಿಂದ ತಯಾರಿಸಿದರೆ ಎರಡೂ ಸಮಸಮವಾಗಿ ಬರುತ್ತವೆ. ಇದಕ್ಕೆ 1970ರ ದಶಕದಲ್ಲಿ ದಾರಿ ತೋರಿದವರು ಅಮೆರಿಕದ ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್. ಅವರ ಕ್ರಿಯಾವರ್ಧಕದಲ್ಲಿ ರೋಡಿಯಂ ಲೋಹಕ್ಕೆ ಡಿಪ್ಯಾಂಪ್ ಎಂಬ ರಂಜಕದ ಸಂಯುಕ್ತ ಅಂಟಿಕೊಂಡಿರುತ್ತದೆ. ಹೀಗೆ ಅಂಟಿಕೊಳ್ಳುವ ಅಣುವಿಗೆ ಲೈಗಾಂಡ್ ಎಂದು ಹೆಸರು. ಹೈಡ್ರೋಜನ್ ಜೋಡಿಸುವ ಕೆಲಸ ಲೋಹದ್ದು. ಯಾವ ಕಡೆಯಿಂದ ಜೋಡಿಸಬೇಕೆಂದು ತೀರ್ಮಾನಿಸುವುದು ಲೈಗಾಂಡ್. ಹುಟ್ಟುವ 100 ಅಣುಗಳಲ್ಲಿ ಸುಮಾರು 97 ಎಡದವೇ! 2001ರಲ್ಲಿ ನೋಲ್ಸ್ ಅವರಿಗೆ ನೊಬೆಲ್ ಬಂದಾಗ ವಯಸ್ಸು 84.

ಈ ಡಿಪ್ಯಾಂಪ್ ತಯಾರಿ ಶುರುವಾಗುವುದು ಡೈಕ್ಲೋರೋಫಿನೈಲ್‌ಫಾಸ್ಫೀನ್‌ನಿಂದ. ಹೆಸರು ಉದ್ದವಾದರೂ ಅಣು ಸರಳ: ನಡುವೆ ರಂಜಕದ ಒಂದು ಪರಮಾಣು, ಅದಕ್ಕೆ ಒಂದು ಇಂಗಾಲದ ಉಂಗುರ ಮತ್ತು ಎರಡು ಕ್ಲೋರಿನ್. ಬಣ್ಣವಿಲ್ಲದ, ಘಾಟು ವಾಸನೆಯ ದ್ರವ. ತೇವದ ಗಾಳಿ ಸೋಕಿದರೂ ಸಾಕು, ಆಮ್ಲದ ಹೊಗೆ ಏಳುತ್ತದೆ. ಚರ್ಮವನ್ನು ಸುಡುತ್ತದೆ. ಅದರ ಕ್ಲೋರಿನ್‌ಗಳು ಬೇಗ ಜಾಗ ಬಿಟ್ಟುಕೊಡುವುದರಿಂದಲೇ ಅಲ್ಲಿ ನಮಗೆ ಬೇಕಾದ ಗುಂಪುಗಳನ್ನು ಕೂರಿಸಬಹುದು.

ಆದರೆ ಹಾಗೆ ಕೂರಿಸುವಾಗ ಇಲ್ಲೂ ಎಡ ಬಲ ಬೆರೆತೇ ಹುಟ್ಟುತ್ತವೆ. ಬೇರ್ಪಡಿಸುವುದು ಹೇಗೆ? ಅದಾಗಲೇ ಒಂದೇ ರೂಪದಲ್ಲಿರುವ ಅಣುವನ್ನು ಎರಡಕ್ಕೂ ಅಂಟಿಸುತ್ತಾರೆ. ಆಗ ಅವು ಕನ್ನಡಿ ಬಿಂಬಗಳಾಗಿ ಉಳಿಯುವುದಿಲ್ಲ, ಬೇರೆ ಬೇರೆ ಮಾಡಬಹುದು. ನೋಲ್ಸ್ ತಂಡ ಇದಕ್ಕೆ ಬಳಸಿದ್ದು ಮೆಂಥಾಲ್ ಅನ್ನು. ಕೆಮ್ಮಿನ ಮಿಠಾಯಿ ಚೀಪಿದಾಗ ಬಾಯಿ ತಣ್ಣಗಾಗುತ್ತದಲ್ಲ, ಅದೇ ಮೆಂಥಾಲ್!