ಮುಷ್ಕರದ ದಿನ ರೋಮಿನಲ್ಲಿ

ಇಟಲಿ ದೇಶದಲ್ಲಿ ಮುಷ್ಕರಕ್ಕೂ ಒಂದು ಪಂಚಾಂಗವುಂಟು. ಇದು ಹಾಸ್ಯದ ಮಾತಲ್ಲ. ಯಾವ ದಿನ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ವಿಮಾನದವರು ಕೆಲಸ ನಿಲ್ಲಿಸುವರೋ ರೈಲಿನವರು ನಿಲ್ಲಿಸುವರೋ ಎಂಬುದನ್ನು ಅಲ್ಲಿಯ ಸಾರಿಗೆ ಸಚಿವಾಲಯವೇ ಪಟ್ಟಿಮಾಡಿ ಮುಂಚಿತವಾಗಿ ಪ್ರಕಟಿಸುತ್ತದೆ. 1990ರ 146ನೆಯ ಕಾನೂನಿನ ಪ್ರಕಾರ ಇಂಥ ಸೇವೆಗಳಲ್ಲಿರುವವರು ಕಡಮೆಯೆಂದರೆ 10 ದಿನ ಮೊದಲು ಸೂಚನೆ ಕೊಡಬೇಕು. ಜುಲೈ 27ರಿಂದ ಸೆಪ್ಟೆಂಬರ್ 5ರವರೆಗೆ, ಜನರೆಲ್ಲ ರಜೆಗೆ ಹೊರಡುವ ಕಾಲದಲ್ಲಿ, ವಿಮಾನ ಮುಷ್ಕರ ಕೂಡದು. ಮುಷ್ಕರದ ದಿನದಂದು ಕೂಡ ಬೆಳಗ್ಗೆ 7ರಿಂದ 10ರವರೆಗೆ, ಸಂಜೆ 6ರಿಂದ 9ರವರೆಗೆ ಹೊರಡಬೇಕಾದ ವಿಮಾನಗಳು ಹೊರಡಲೇಬೇಕು. ರಾಹುಕಾಲ ಕಳೆದ ಮೇಲೆ ಹೊಸ್ತಿಲು ದಾಟುವ ನಮ್ಮವರಿಗೆ ಇದು ಅಷ್ಟು ವಿಚಿತ್ರವಾಗಿ ತೋರಲಾರದು.

ಈ ಪಂಚಾಂಗವನ್ನು ನಾನು ಓದಲು ಕಲಿತುದು 2025ರ ಫೆಬ್ರವರಿಯಲ್ಲಿ, ತಂಗಿಯ ಬಾಣಂತನಕ್ಕೆಂದು ತಾಯಿಯನ್ನು ಕರೆದುಕೊಂಡು ಹೊರಟಾಗ. ತಂಗಿ ಇರುವುದು ಸಿಸಿಲಿ ದ್ವೀಪದ ಕತಾನಿಯಾದಲ್ಲಿ. ಬೆಂಗಳೂರಿನಿಂದ ಕೊಲ್ಲಿಯ ಒಂದು ಊರಿಗೆ, ಅಲ್ಲಿಂದ ರೋಮಿಗೆ ಒಂದು ಟಿಕೆಟ್ಟು. ರೋಮಿನಿಂದ ಕತಾನಿಯಾಕ್ಕೆ ಬೇರೊಂದು ವಿಮಾನ ಸಂಸ್ಥೆಯ ಬೇರೆ ಟಿಕೆಟ್ಟು. ಹಣ ಉಳಿಯಿತೆಂದು ಹಿಗ್ಗಿದ್ದೆ. ಉಳಿದುದು ಹಣ ಮಾತ್ರ, ಹೊಣೆಯೆಲ್ಲ ನನ್ನ ತಲೆಯ ಮೇಲೆ ಬಂದಿತ್ತು. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಕ್ಕೆ ಕಳುಹಿಸುವ ಭಾರ ಸಂಸ್ಥೆಯದು. ಸಾಮಾನು ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಬೇರೆ ಬೇರೆಯಾದರೆ ಎರಡನೆಯವರ ಕಣ್ಣಿಗೆ ನಾವು ಹೊತ್ತಿಗೆ ಸರಿಯಾಗಿ ಬಾರದವರು, ಅಷ್ಟೆ.

ಹೊರಡಲು ಇನ್ನೂ ಹನ್ನೆರಡು ದಿನವಿರುವಾಗ ತಂಗಿ ಫೋನು ಮಾಡಿದಳು. ನಾವು ರೋಮಿನಲ್ಲಿಳಿಯುವ ದಿನವೇ ಇಪ್ಪತ್ತನಾಲ್ಕು ಗಂಟೆಗಳ ಮುಷ್ಕರ! ಸಂಜೆ 4 ಗಂಟೆಯ ನಮ್ಮ ವಿಮಾನ ಹಾರುವುದು ಅನುಮಾನ. ಎರಡು ದಿನದಲ್ಲಿ ಸಂಸ್ಥೆಯವರೇ ಅದನ್ನು ರದ್ದುಮಾಡಿ ಪತ್ರ ಕಳುಹಿಸಿದರು. ಯೂರೋಪಿನ 2004ರ 261ನೆಯ ನಿಯಮಾವಳಿಯಂತೆ, ರದ್ದಾದಾಗ ಹಣವನ್ನು ಹಿಂದಕ್ಕೆ ಪಡೆಯಬಹುದು, ಇಲ್ಲವೇ ಬೇರೆ ವಿಮಾನ ಕೇಳಬಹುದು. ಸಂಸ್ಥೆಯ ಸ್ವಂತ ನೌಕರರ ಮುಷ್ಕರವನ್ನು ಅಸಾಧಾರಣ ಸಂದರ್ಭವೆಂದು ಹೇಳಿ ಪರಿಹಾರದಿಂದ ತಪ್ಪಿಸಿಕೊಳ್ಳುವಂತಿಲ್ಲವೆಂದು 2021ರಲ್ಲಿ ಯೂರೋಪಿನ ಉಚ್ಚ ನ್ಯಾಯಾಲಯವೂ ಹೇಳಿದೆ. ಆದರೆ ಪರಿಹಾರದ ಹಣ ಹೆರಿಗೆಯ ಕೋಣೆಗೆ ಅಜ್ಜಿಯನ್ನು ತಲುಪಿಸುವುದಿಲ್ಲವಷ್ಟೆ! ನಾನು ಪಂಚಾಂಗ ತೆರೆದು, ಅದೇ ಸಂಜೆ 7.30ರ ವಿಮಾನವನ್ನು ಕೇಳಿ ಪಡೆದೆ. ಅದು ಕಾನೂನು ಕಾಯುವ ಹೊತ್ತು.

ಆದರೂ ಮನಸ್ಸು ನಿಲ್ಲಲಿಲ್ಲ. ವಿಮಾನಕ್ಕೆ ವಿಮಾನವೇ ಬದಲಿಯಾದರೆ ಎರಡೂ ಒಂದೇ ಕೊಂಬೆಗೆ ಜೋತಂತೆ. ಕೊಂಬೆ ಮುರಿದರೆ ಎರಡೂ ಬೀಳುತ್ತವೆ. ಭೂಪಟ ನೋಡಿದೆ. ರೋಮಿನ ತೆರ್ಮಿನಿ ನಿಲ್ದಾಣದಿಂದ ಕತಾನಿಯಾಕ್ಕೆ ರಾತ್ರಿಯ ರೈಲುಂಟು. ದ್ವೀಪಕ್ಕೆ ರೈಲೇ ಎಂದು ವಾಚಕರು ಹುಬ್ಬೇರಿಸಬಹುದು. ಅದನ್ನು ಮುಂದೆ ಹೇಳುತ್ತೇನೆ. ಆ ದಿನ ರೈಲಿನವರ ಮುಷ್ಕರವಿಲ್ಲವೆಂದು ಪಟ್ಟಿಯಲ್ಲಿ ಖಚಿತಮಾಡಿಕೊಂಡು, ಹೊರಡುವ ಮೊದಲು ರದ್ದುಮಾಡಿದರೆ ಸ್ವಲ್ಪ ಕಡಿತದೊಡನೆ ಹಣ ಮರಳುವಂಥ ಎರಡು ಮಲಗುವ ಸ್ಥಳಗಳನ್ನು ಕಾದಿರಿಸಿದೆ.

ಇನ್ನು ಸಾಮಾನಿನ ಕಥೆ. ನಮ್ಮ ತಾಯಿ ಒಂದು ತಿಂಗಳಿಂದ ಬಾಣಂತಿ ಸಾಮಾನು ಹೊಂದಿಸುತ್ತಿದ್ದರು: ಅಂಟು, ಕೊಬ್ಬರಿ, ಉತ್ತುತ್ತೆ, ಒಣಶುಂಠಿ, ಓಮ, ಮೆಣಸು, ಅಳಲೆಕಾಯಿ, ಮೇಲೆ ಎರಡು ಸೇರು ತುಪ್ಪ. ಹಾಲಿನಿಂದಾದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಯೂರೋಪ್ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ತೆಂಗಿನಕಾಯಿ, ಖರ್ಜೂರಗಳಿಗೆ ಅಡ್ಡಿಯಿಲ್ಲ. ಇದನ್ನು ಹೇಳಿದಾಗ ತಾಯಿ ಕೊಂಚ ಹೊತ್ತು ಮಾತಾಡಲಿಲ್ಲ.

“ತುಪ್ಪ ಬೇಡ ಅನ್ನೋ ದೇಶದಲ್ಲಿ ನನ್ನ ಮಗಳು ಹೆರಬೇಕಲ್ಲೋ!” ಎಂದರು ಕೊನೆಗೆ.

“ಅಲ್ಲಿ ಬೆಣ್ಣೆ ಸಿಗುತ್ತಮ್ಮ, ನೀನೇ ಕಾಯಿಸು” ಎಂದೆ.

ಉಳಿದುದನ್ನು ಎರಡು ಪೆಟ್ಟಿಗೆಗಳಲ್ಲಿ ಸರಿಪಾಲು ಹಂಚಿದೆವು. ಅಂಟೆಲ್ಲ ಒಂದರಲ್ಲಿ, ಕೊಬ್ಬರಿಯೆಲ್ಲ ಇನ್ನೊಂದರಲ್ಲಿ ಎಂಬುದಾಗಿ ಅಲ್ಲ. ಪ್ರತಿಯೊಂದು ಪೊಟ್ಟಣವೂ ಅರ್ಧ ಇಲ್ಲಿ, ಅರ್ಧ ಅಲ್ಲಿ. ನನ್ನ ಪೆಟ್ಟಿಗೆಯಲ್ಲಿ ಅವರ ಒಂದು ಸೀರೆ, ಅವರದರಲ್ಲಿ ನನ್ನ ಒಂದು ಷರಾಯಿ. ಒಂದು ಕಳೆದರೂ ಕೆಲಸ ನಿಲ್ಲಬಾರದು. ರಕ್ತದೊತ್ತಡದ ಮಾತ್ರೆಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿ. ಪೆಟ್ಟಿಗೆಗಳ ಭಾವಚಿತ್ರ ತೆಗೆದಿಟ್ಟೆ. ತಾಯಿ ನನ್ನ ಮೇಲೆ ನಂಬಿಕೆಯಿಲ್ಲದೆ ಹಿಡಿಕೆಗಳಿಗೆ ಕೆಂಪು ರವಿಕೆ ಬಟ್ಟೆಯ ಚೂರು ಕಟ್ಟಿದರು. ತಮ್ಮ ಹಳೆಯ ಸೀರೆಗಳಿಂದ ಮೊಮ್ಮಗುವಿಗೆಂದು ಹೊಲಿದ ಕೌದಿಯನ್ನು ಮಾತ್ರ ಪೆಟ್ಟಿಗೆಗೆ ಹಾಕಲು ಸುತರಾಂ ಒಪ್ಪಲಿಲ್ಲ. ಅದು ಅವರ ಹೆಗಲಿನಲ್ಲೇ ಚಿಕ್ಕಮಗಳೂರಿನಿಂದ ಹೊರಟಿತು.

ಎರಡು ಗಂಟೆಗೆ ಇಳಿಯಬೇಕಾದ ನಮ್ಮ ವಿಮಾನ ಇಳಿದುದು ಮೂರೂಕಾಲಿಗೆ. ರಹದಾರಿ ತೋರಿಸಿ ಹೊರಬರುವಾಗ ನಾಲ್ಕು ದಾಟಿತ್ತು. ಸಾಮಾನು ಬರುವ ಪಟ್ಟಿ ಖಾಲಿ ಸುತ್ತುತ್ತಿತ್ತು. ಸಾಮಾನಿಳಿಸುವ ಕೈಗಳು ಆ ದಿನ ಕಡಮೆ. ನನಗೆ ಅವರ ಮೇಲೆ ಕೋಪ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಬಾಕಿ ಸಂಬಳಕ್ಕಾಗಿ ನಾವು ಅಧ್ಯಾಪಕರೂ ಒಮ್ಮೆ ಪರೀಕ್ಷೆಯ ವೇಳೆಯಲ್ಲಿ ಧರಣಿ ಕುಳಿತವರೇ. ಅಂದು ಯಾವ ವಿದ್ಯಾರ್ಥಿಯ ತಾಯಿ ನಮ್ಮನ್ನು ಶಪಿಸಿದ್ದಳೋ!

ಆರೂಕಾಲಿಗೆ ಕೆಂಪು ಚೂರಿನ ಒಂದು ಪೆಟ್ಟಿಗೆ ಬಂದಿತು. ಎರಡನೆಯದು ಬರಲಿಲ್ಲ. ಇಲ್ಲಿ ಕ್ಷಣಕಾಲ ನಿಂತೆ. ಓಡಿದರೆ ವಿಮಾನ ಸಿಕ್ಕೀತು. ಆದರೆ ಬಾರದ ಪೆಟ್ಟಿಗೆಯ ದೂರನ್ನು ನಿಲ್ದಾಣ ಬಿಡುವ ಮೊದಲೇ ಬರೆಸಿ ಅದರ ಸಂಖ್ಯೆ ಪಡೆಯುವುದು ಕ್ಷೇಮ. ಅಲ್ಲಿ ಮುವ್ವತ್ತು ಜನರ ಸಾಲು. ತಾಯಿಯ ಕಡೆ ನೋಡಿದೆ. ಮೊಣಕಾಲು ಹಿಡಿದುಕೊಂಡು ಕುಳಿತಿದ್ದರು, ಓಡೋಣವೆಂದಿದ್ದರೆ ಎದ್ದೇಬಿಡುತ್ತಿದ್ದರು. ಕಿಸೆಯಲ್ಲಿ ರೈಲಿನ ಟಿಕೆಟ್ಟಿರುವುದು ನೆನಪಾಯಿತು. “ಕೂತಿರಮ್ಮ, ಅವಸರವಿಲ್ಲ” ಎಂದು ಸಾಲಿನಲ್ಲಿ ನಿಂತೆ. ದೂರಿನಲ್ಲಿ ತಂಗಿಯ ಮನೆಯ ವಿಳಾಸ ಬರೆಸಿ, ಅಂಟಿಸಿದ್ದ ಚೀಟಿಯ ಅರ್ಧವನ್ನು ಜೋಪಾನ ಮಾಡಿದೆ. ತಡವಾಗಿ ಬಂದ ಸಾಮಾನಿಗೆ, ಅದು ಕೈಸೇರಿದ 21 ದಿನಗಳೊಳಗೆ ಲಿಖಿತವಾಗಿ ಪರಿಹಾರ ಕೇಳಬೇಕೆಂಬುದು 1999ರ ಮಾಂಟ್ರಿಯಲ್ ಒಪ್ಪಂದದ ಮಾತು. ಕಾನೂನು ಕಾಯ್ದ 7.30ರ ವಿಮಾನ ಹೊತ್ತಿಗೆ ಸರಿಯಾಗಿ, ನಮ್ಮಿಬ್ಬರನ್ನೂ ಬಿಟ್ಟು, ಹಾರಿಹೋಯಿತು. ಅದು ವಿಮಾನವನ್ನು ಕಾಯುತ್ತದೆಯೇ ಹೊರತು ಪೆಟ್ಟಿಗೆಯನ್ನಲ್ಲ.

ವಿಮಾನ ನಿಲ್ದಾಣದಿಂದ ತೆರ್ಮಿನಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ರಾತ್ರಿ ಮಲಗುವ ಬೋಗಿಯಲ್ಲಿ ತಾಯಿ ಕೌದಿ ಹೊದ್ದು ಮಲಗಿದರು. ಬೆಳಗಿನ ಜಾವ ರೈಲು ನಿಂತು, ಹಿಂದಕ್ಕೂ ಮುಂದಕ್ಕೂ ಅಲುಗಾಡಿ, ಕಬ್ಬಿಣ ಕಬ್ಬಿಣಕ್ಕೆ ತಗಲುವ ದೊಡ್ಡ ಸದ್ದಾಯಿತು. ಇಟಲಿಯ ಕಾಲ್ಬೆರಳಿನ ತುದಿಯಲ್ಲಿರುವ ವಿಲ್ಲಾ ಸಾನ್ ಜೊವಾನ್ನಿಯಲ್ಲಿ ರೈಲನ್ನು ತುಂಡುತುಂಡಾಗಿ ಬಿಡಿಸಿ, ಹಡಗಿನ ಹೊಟ್ಟೆಯೊಳಗೆ ಹಾಸಿದ ಹಳಿಗಳ ಮೇಲೆ ತಳ್ಳುತ್ತಾರೆ! ಮೆಸ್ಸೀನಾ ಜಲಸಂಧಿಯ ಅತಿ ಕಿರಿದಾದ ಭಾಗ ಮೂರು ಕಿಲೋಮೀಟರಿನಷ್ಟು; ಆದರೂ ಇಂದಿಗೂ ಸೇತುವೆಯಿಲ್ಲ.

ಬೋಗಿಯಿಂದಿಳಿದು, ಕಡಿದಾದ ಮೆಟ್ಟಿಲು ಹತ್ತಿ, ಅಟ್ಟಕ್ಕೆ ಹೋದೆವು. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ! ಚಳಿಗಾಳಿ ಬೀಸುತ್ತಿತ್ತು. ತಾಯಿ ಕೌದಿಯನ್ನು ತಲೆಯ ಮೇಲೆ ಹೊದ್ದು ಕಟಕಟೆ ಹಿಡಿದು ನಿಂತರು. ಪೂರ್ವ ಕೆಂಪಾಗುತ್ತಿರಲು ಮೆಸ್ಸೀನಾ ಬಂದರಿನ ಬಾಯಲ್ಲಿ ಒಂದು ಎತ್ತರದ ಕಂಬ, ಅದರ ತುದಿಯಲ್ಲಿ ಹೊನ್ನಿನ ಬಣ್ಣದ ಮೇರಿಯಮ್ಮ, ಕೈಯೆತ್ತಿ ಹರಸುತ್ತ. 1934ರಲ್ಲಿ ನಿಲ್ಲಿಸಿದ ಮೂರ್ತಿಯದು. ಯಾವ ದೇವರೆಂದು ತಾಯಿ ಕೇಳಲಿಲ್ಲ. ಕೈಮುಗಿದು, “ಹುಡುಗೀನ ಸುಸೂತ್ರವಾಗಿ ಪಾರುಮಾಡಮ್ಮ” ಎಂದರು.

ಮೆಸ್ಸೀನಾದಲ್ಲಿ ರೈಲನ್ನು ಮತ್ತೆ ಕೂಡಿಸಿದರು. ಎಡಕ್ಕೆ ಸಮುದ್ರ, ಬಲಕ್ಕೆ ನಿಂಬೆ, ಕಿತ್ತಳೆಯ ತೋಟಗಳು. ಆಮೇಲೆ ಬಲಗಡೆಯ ಕಿಟಕಿಯನ್ನೆಲ್ಲ ತುಂಬಿ ಎಟ್ನಾ ಎದ್ದಿತು: ಸುಮಾರು 3,400 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಮುಕ್ಕಾಲು ಪಾಲು ಹೆಚ್ಚು ಎತ್ತರ. ಆ ಫೆಬ್ರವರಿಯಲ್ಲಿ ಅದು ಹಿಮದ ಮೇಲೆಯೇ ಲಾವಾ ಹರಿಸುತ್ತಿತ್ತು. ಬಿಳುಪಿನ ನೆತ್ತಿಯಿಂದ ಹೊಗೆ ಏಳುತ್ತಿತ್ತು. ಅದರ ಬೂದಿ ಹಾರಿದಾಗಲೂ ಕತಾನಿಯಾದ ವಿಮಾನಗಳು ಕೆಲವೊಮ್ಮೆ ನಿಲ್ಲುತ್ತವೆ. ಆ ಮುಷ್ಕರಕ್ಕೆ ಮಾತ್ರ ಯಾರೂ ಪಂಚಾಂಗ ಬರೆದಿಲ್ಲ.

ನಿಲ್ದಾಣದಲ್ಲಿ ತುಂಬಿದ ಬಸುರಿ ತಂಗಿ ನಿಂತಿದ್ದಳು. “ಅಮ್ಮಂಗೆ ಬಹಳ ತೊಂದರೆ ಆಯಿತೇನೋ ಅಣ್ಣ?” ಎಂದು ಕಣ್ಣೊರೆಸಿಕೊಂಡಳು.

“ತೊಂದರೆ ಎಂಥದೇ? ರೈಲು ಹಡಗಿನೊಳಗೆ ಹೋಯಿತು ಕಣೇ!” ಎಂದರು ತಾಯಿ.

ಕಾಣೆಯಾದ ಪೆಟ್ಟಿಗೆ ನಾಲ್ಕನೆಯ ದಿನ ಮನೆಬಾಗಿಲಿಗೆ ಬಂದಿತು. ಮಗು ಹುಟ್ಟಿದುದು ಒಂಬತ್ತನೆಯ ದಿನ. ಅಷ್ಟರಲ್ಲಿ ಮೊದಲ ಪೆಟ್ಟಿಗೆಯ ಅರ್ಧಪಾಲಿನಿಂದಲೇ ಅಂಟಿನುಂಡೆ ಸಿದ್ಧವಾಗಿ ಡಬ್ಬಿ ಸೇರಿತ್ತು. ನಾನು ಕಾಲೇಜಿಗೆ ಮರಳುವ ಮೊದಲು, ಮೂರು ತಿಂಗಳ ಬಳಿಕ ತಾಯಿ ಹಿಂದಿರುಗುವ ದಿನವನ್ನು ಗೊತ್ತುಮಾಡಲು ಕುಳಿತೆ. ಅವರು ಮಗುವನ್ನು ತೊಡೆಯ ಮೇಲೆ ತಟ್ಟುತ್ತ, ಮೆಲ್ಲಗೆ ಕೇಳಿದರು:

“ಆ ದಿನಾನೂ ಮುಷ್ಕರ ಇದೆಯೇನೋ ನೋಡು.”