ಕಾಳಿಯ ಸೆಳವು, ದಡದ ಲೆಕ್ಕ

ದಾಂಡೇಲಿಯಿಂದ ಗಣೇಶಗುಡಿಯ ಕಡೆಗೆ ಹೊರಟ ಬಸ್ಸು ಕಾಡಿನ ದಾರಿ ಹಿಡಿಯಿತೆಂದರೆ ಒಳಗಿನ ಗದ್ದಲ ತಾನಾಗಿ ತಗ್ಗುತ್ತದೆ. ಎರಡೂ ಬದಿಗೆ ತೇಗ, ಮತ್ತಿ, ಬಿದಿರಿನ ಮೆಳೆಗಳು. ಸುಮಾರು 25 ಕಿಲೋಮೀಟರ್ ಕಳೆಯುವ ಹೊತ್ತಿಗೆ ಗುಡ್ಡಗಳ ನಡುವೆ ಸೂಪಾ ಅಣೆಕಟ್ಟು ಎದುರಾಗುತ್ತದೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದ ಹತ್ತಿರ ಅರಬ್ಬಿ ಸಮುದ್ರ ಸೇರುವ ಕಾಳಿ ನದಿಯನ್ನು ಇಲ್ಲಿ 101 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ತಡೆದು ನಿಲ್ಲಿಸಿದೆ. ಹಳೆಯ ಸೂಪಾ ಊರು ಈ ಗೋಡೆಯ ಹಿಂದಿನ ನೀರಿನಲ್ಲಿ ಮುಳುಗಿದೆ.

ಆದರೆ ಶಾಲೆ ಕಾಲೇಜುಗಳ ಮಕ್ಕಳು ಇಲ್ಲಿಗೆ ಬರುವುದು ಮುಳುಗಿದ ಊರನ್ನು ನೋಡಲು ಅಲ್ಲ. ಅಣೆಕಟ್ಟೆಯ ಕೆಳಗೆ ಬಂಡೆಗಳ ನಡುವೆ ನೊರೆಯೆಬ್ಬಿಸಿ ಓಡುವ ನೀರಿನಲ್ಲಿ ರಬ್ಬರಿನ ದೋಣಿ ಏರಿ ತೇಲಲು ಬರುತ್ತಾರೆ. ರಾಫ್ಟಿಂಗ್ ಎಂಬ ಈ ಸಾಹಸ ಕ್ರೀಡೆಗೆ ರಾಜ್ಯದಲ್ಲಿ ಹೆಸರಾದ ಸ್ಥಳ ಇದು.

ಈ ಹೊಳೆಗೆ ಒಂದು ವಿಶೇಷವಿದೆ. ಇಲ್ಲಿನ ಸೆಳವು ಮಳೆಯನ್ನಷ್ಟೇ ನಂಬಿಲ್ಲ. ಅಣೆಕಟ್ಟೆಯ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಯಂತ್ರಗಳಿವೆ. ಅವು ತಿರುಗಿದರೆ ಹೊಳೆಗೆ ನೀರು. ನಿಂತರೆ ಬಂಡೆಗಳ ಬೆನ್ನು ಕಾಣಿಸುತ್ತದೆ. ಎಲ್ಲೋ ದೂರದ ನಗರದಲ್ಲಿ ವಿದ್ಯುತ್ ಬೇಡಿಕೆ ಏರಿದಾಗ ಇಲ್ಲಿ ಹೊಳೆ ಏರುತ್ತದೆ. ಆದ್ದರಿಂದ ದೋಣಿ ನಡೆಸುವವನಿಗೆ ಆಕಾಶ ನೋಡಿದರೆ ಸಾಲದು, ವಿದ್ಯುದಾಗಾರದ ವೇಳಾಪಟ್ಟಿಯೂ ತಿಳಿದಿರಬೇಕು.

ನೊರೆಯೊಳಗಿನ ವಿಜ್ಞಾನ

ಬಿಳಿ ನೊರೆ ನೋಡಲು ಚೆಂದ. ಅದರೊಳಗಿನ ಲೆಕ್ಕ ಬೇರೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಹರಿವಿನ ವೇಗ ಇಮ್ಮಡಿಯಾದರೆ ಅದು ಎದುರಿಗಿರುವ ವಸ್ತುವಿನ ಮೇಲೆ ಹಾಕುವ ಬಲ ನಾಲ್ಕು ಮಡಿಯಾಗುತ್ತದೆ. ಮೊಣಕಾಲುದ್ದದ ನೀರೂ ಆಳನ್ನು ಕೆಡವಬಲ್ಲದು ಎಂಬುದಕ್ಕೆ ಕಾರಣ ಇದೇ. ನೀರಿಗೆ ಬಿದ್ದವರು ಎದ್ದು ನಿಲ್ಲಲು ಹೋಗಬಾರದು, ಬಂಡೆಗಳ ಸಂದಿಗೆ ಪಾದ ಸಿಕ್ಕಿಬೀಳುತ್ತದೆ. ಅಂಗಾತ ಮಲಗಿ, ಕಾಲನ್ನು ಹರಿವಿನ ಮುಂದಕ್ಕೆ ಚಾಚಿ ತೇಲಬೇಕು ಎಂದು ಮಾರ್ಗದರ್ಶಕರು ಹೇಳಿಕೊಡುವುದೂ ಇದಕ್ಕಾಗಿಯೇ.

ಬಂಡೆಯಿಂದ ಧುಮುಕುವ ನೀರು ಬುಡದಲ್ಲಿ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಆ ಸುಳಿಯಲ್ಲಿ ಗಾಳಿಯ ಗುಳ್ಳೆ ಬೆರೆತು ನೀರಿನ ಸಾಂದ್ರತೆ ಕಡಿಮೆಯಾಗುತ್ತದೆ. ಸಾಂದ್ರತೆ ಇಳಿದರೆ ತೇಲಿಸುವ ಶಕ್ತಿಯೂ ಇಳಿಯುತ್ತದೆ. ಆರ್ಕಿಮಿಡೀಸನ ತತ್ವವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ಹುಡುಗನಿಗೆ ಅದರ ನಿಜವಾದ ಅರ್ಥ ಇಲ್ಲಿ ಒಂದೇ ಕ್ಷಣದಲ್ಲಿ ಹೊಳೆಯುತ್ತದೆ. ಈಜು ಬಲ್ಲವರಿಗೂ ಲೈಫ್ ಜಾಕೆಟ್ ಬೇಕೆನ್ನುವುದು ಅದಕ್ಕೇ.

ಇಂಥ ಸೆಳವುಗಳನ್ನು ಒಂದರಿಂದ ಆರರವರೆಗೆ ದರ್ಜೆ ಹಾಕಿ ಅಳೆಯುವುದು ಪದ್ಧತಿ. ಕಾಳಿಯ ಈ ಭಾಗ ಹೆಚ್ಚಾಗಿ ಎರಡು ಮತ್ತು ಮೂರನೆಯ ದರ್ಜೆಯದು. ಹೊಸಬರಿಗೂ ಸಲ್ಲುವ ನೀರು ಎನ್ನಬಹುದು. ಆದರೆ ದರ್ಜೆ ಎಂಬುದು ನದಿಗೆ ಕೊಟ್ಟ ಅಂಕವೇ ಹೊರತು ದೋಣಿ ನಡೆಸುವವರಿಗೆ ಕೊಟ್ಟ ಅಂಕವಲ್ಲ.

ಅದು 2022ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಮನದಟ್ಟಾಯಿತು. ಗಣೇಶಗುಡಿಯ ಬಳಿ ಮಿತಿಗಿಂತ ಹೆಚ್ಚು ಜನರನ್ನು ಹೇರಿಕೊಂಡಿದ್ದ ರಾಫ್ಟ್ ಒಂದು ಸೆಳವಿಗೆ ಸಿಕ್ಕಿತು. ಅದರಲ್ಲಿ ಮಕ್ಕಳೂ ಇದ್ದರು. ಸಮೀಪದಲ್ಲಿದ್ದ ಬೇರೆ ದೋಣಿಗಳವರು ನೆರವಿಗೆ ಬಂದು ಎಲ್ಲರನ್ನೂ ದಡ ಸೇರಿಸಿದರು. ಆ ದೃಶ್ಯ ಮೊಬೈಲ್‌ಗಳಲ್ಲಿ ಹರಿದಾಡಿದ ಮೇಲೆ ಜಿಲ್ಲಾಡಳಿತ ಜಲಸಾಹಸ ಚಟುವಟಿಕೆಗಳನ್ನು ಕೆಲಕಾಲ ನಿಲ್ಲಿಸಿತು.

ಎಂಟು ಜನರಿಗೆಂದು ಮಾಡಿದ ದೋಣಿಗೆ ಹನ್ನೆರಡು ಜನ ಹತ್ತಿದರೆ ಏನಾಗುತ್ತದೆ? ತಲೆಗೆ ಅರವತ್ತು ಕಿಲೋ ಎಂದರೂ 240 ಕಿಲೋ ಹೆಚ್ಚಿನ ಭಾರ. ದೋಣಿ ತಗ್ಗುತ್ತದೆ, ತಿರುಗಿಸಿದತ್ತ ತಿರುಗುವುದಿಲ್ಲ. ಹುಟ್ಟು ಹಾಕಲು ಕೈ ಆಡುವುದಿಲ್ಲ. ಮೂರನೆಯ ತರಗತಿಯ ಮಗುವೂ ಮಾಡಬಲ್ಲ ಗುಣಾಕಾರ ಇದು. ದಡದಲ್ಲಿ ನಿಂತು ಆ ಗುಣಾಕಾರ ಮಾಡಿ ‘ಇಷ್ಟು ಜನ ಬೇಡ, ಇಳಿಯಿರಿ’ ಎನ್ನುವ ಅಧಿಕಾರ ಯಾರಿಗಿದೆ, ಅವನ ಸಂಬಳ ಯಾರು ಕೊಡುತ್ತಾರೆ ಎಂಬುದೇ ನಿಜವಾದ ಪ್ರಶ್ನೆ.

ಒಂದು ಹೊಳೆ, ಹಲವು ಯಜಮಾನರು

ಹೊಳೆಯ ದಡದಲ್ಲಿ ಅಧಿಕಾರಕ್ಕೆ ಕೊರತೆಯಿಲ್ಲ. ನೀರು ಬಿಡುವುದು ವಿದ್ಯುತ್ ನಿಗಮ. ಸುತ್ತಲಿನ ಕಾಡು ಅರಣ್ಯ ಇಲಾಖೆಯದು. ಪ್ರವಾಸಿಗರನ್ನು ಕರೆಯುವುದು ಪ್ರವಾಸೋದ್ಯಮ ಇಲಾಖೆ. ಅವಘಡವಾದರೆ ಓಡಿ ಬರಬೇಕಾದವರು ಪೊಲೀಸರು, ಅಗ್ನಿಶಾಮಕ ದಳದವರು. ಇಷ್ಟು ಜನರಿದ್ದೂ ದಿನದಿನವೂ ಜಾಕೆಟ್ಟಿನ ಬಕ್ಕಲ್ ಎಳೆದು ನೋಡುವ, ತಲೆ ಎಣಿಸುವ ಕೆಲಸ ಬಹಳ ಮಟ್ಟಿಗೆ ದೋಣಿ ನಡೆಸುವವನ ಪ್ರಾಮಾಣಿಕತೆಗೇ ಬಿಟ್ಟಿರುತ್ತದೆ. ಒಂದು ತಲೆ ಹೆಚ್ಚಾದರೆ ಅವನಿಗೆ ಒಂದು ಟಿಕೆಟ್ ಹೆಚ್ಚು. ಲಾಭ ಪಡೆಯುವವನೇ ಪರೀಕ್ಷಕನೂ ಆದರೆ ಉತ್ತರಪತ್ರಿಕೆಯನ್ನು ವಿದ್ಯಾರ್ಥಿಯೇ ತಿದ್ದಿಕೊಂಡಂತೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿಗಳನ್ನು ಹೊರತಂದಿತು. ಮಾರ್ಗದರ್ಶಕರ ತರಬೇತಿ, ಸಲಕರಣೆ, ರಕ್ಷಣಾ ಸಿದ್ಧತೆ ಎಲ್ಲವನ್ನೂ ಅದು ವಿವರಿಸುತ್ತದೆ. ಆದರೆ ಅದು ಮಾರ್ಗಸೂಚಿ. ತಪ್ಪಿದವರನ್ನು ದಂಡಿಸುವ ಕಾನೂನಲ್ಲ.

ಗಂಗೆಯ ದಡದ ಹೃಷಿಕೇಶದ ಕಥೆಯೂ ಪಾಠ ಹೇಳುತ್ತದೆ. ಕೌಡಿಯಾಲಾದಿಂದ ಹೃಷಿಕೇಶದವರೆಗಿನ ಗಂಗೆ ದೇಶದಲ್ಲೇ ರಾಫ್ಟಿಂಗ್‌ಗೆ ಪ್ರಸಿದ್ಧ. ಉತ್ತರಾಖಂಡ 2014ರಲ್ಲೇ ಅದಕ್ಕೆ ಪ್ರತ್ಯೇಕ ನಿಯಮ ಮಾಡಿತು. ಆದರೂ 2018ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್, ಸರಿಯಾದ ಕಾನೂನು ರೂಪಿಸುವವರೆಗೆ ರಾಫ್ಟಿಂಗ್ ನಿಲ್ಲಿಸಿ ಎಂದಿತು. ಅದಕ್ಕೆ ಸರ್ಕಾರಕ್ಕೆ ಎರಡು ವಾರದ ಗಡುವು ಕೊಟ್ಟಿತು. ಕಾಗದದ ಮೇಲಿನ ನಿಯಮ ಹೊಳೆಯ ದಡಕ್ಕೆ ಇಳಿಯದಿದ್ದರೆ ದೋಣಿ ನಂಬಿದ ಹಳ್ಳಿಯ ಯುವಕರ ಅನ್ನಕ್ಕೂ ಕುತ್ತು ಬರುತ್ತದೆ.

ದೂರದ ನ್ಯೂಜಿಲೆಂಡಿನಲ್ಲಿ ಎಚ್ಚರ ಮೂಡಿಸಿದ್ದು ಒಬ್ಬ ತಂದೆ. ಅಲ್ಲಿ ರಾಫ್ಟಿಂಗ್‌ಗೆ ಮೊದಲೇ ನಿಯಮಗಳಿದ್ದವು. ಆದರೆ ಬೇರೆ ಹಲವು ಸಾಹಸಗಳಿಗೆ ಅಂಥ ಕಟ್ಟುನಿಟ್ಟು ಇರಲಿಲ್ಲ. 2008ರಲ್ಲಿ ಕವಾರಾವು ನದಿಯಲ್ಲಿ, ತೇಲುವ ಹಲಗೆ ಹಿಡಿದು ಸೆಳವಿಗಿಳಿಯುವ ಕ್ರೀಡೆಯಲ್ಲಿ ಬ್ರಿಟನ್ನಿನ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅವಳ ತಂದೆ ಆ ದೇಶದ ಪ್ರಧಾನಿಗೇ ಪತ್ರ ಬರೆದರು. ಸರ್ಕಾರ ಪರಿಶೀಲನೆ ನಡೆಸಿ 2011ರಲ್ಲಿ ಹೊಸ ನಿಯಮ ತಂದಿತು: ಹೊರಗಿನ ಪರೀಕ್ಷಕರ ತಪಾಸಣೆಯಲ್ಲಿ ಉತ್ತೀರ್ಣರಾಗಿ ನೋಂದಣಿ ಪಡೆಯದೆ ಯಾರೂ ಹಣ ಪಡೆದು ಇಂಥ ಸಾಹಸ ನಡೆಸುವಂತಿಲ್ಲ. ತಪಾಸಣೆಯ ಖರ್ಚು ಸಂಸ್ಥೆಯದು. ಅಂತಿಮವಾಗಿ ಅದು ಟಿಕೆಟ್‌ನಲ್ಲೇ ಸೇರುತ್ತದೆ, ನಿಜ. ಆದರೆ ಅದು ತನ್ನ ಸುರಕ್ಷತೆಗೆ ಪ್ರವಾಸಿ ತಾನೇ ಕೊಡುವ ಹಣ.

ನಮ್ಮಲ್ಲೂ ಅಡಿಪಾಯ ಇಲ್ಲದಿಲ್ಲ. ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿಯನ್ನು ರಾಜ್ಯ ಸರ್ಕಾರದ ಕ್ರೀಡಾ ಇಲಾಖೆ ನಡೆಸುತ್ತಿದೆ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಕಾಳಿಯ ದಡದಲ್ಲಿ ಸಾಹಸ ಶಿಬಿರ ಹೊಂದಿದೆ. ಪ್ರತಿ ಟಿಕೆಟ್‌ನಿಂದ ಒಂದಿಷ್ಟು ಪಾಲನ್ನು ತೆಗೆದಿಟ್ಟು, ದಡದಲ್ಲಿ ಸ್ವತಂತ್ರ ತಪಾಸಕನೊಬ್ಬನನ್ನು ನಿಲ್ಲಿಸುವುದು ಅಸಾಧ್ಯವೇನಲ್ಲ. ಅವನು ಯಾವ ದೋಣಿಯ ಮಾಲೀಕನಿಗೂ ಋಣಿಯಾಗಿರಬಾರದು, ಅಷ್ಟೆ.

ಅಲ್ಲಿಯವರೆಗೆ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆತಾಯಿ ನಾಲ್ಕು ಮಾತು ಕೇಳಬಹುದು. ದೋಣಿಯಲ್ಲಿ ಎಷ್ಟು ಜನ? ಮಾರ್ಗದರ್ಶಕನಿಗೆ ತರಬೇತಿ ಎಲ್ಲಿ ಆಗಿದೆ? ಜಾಕೆಟ್ ಮಗುವಿನ ಅಳತೆಯದೇ? ರಕ್ಷಣೆಗೆ ಜೊತೆಯಲ್ಲಿ ಇನ್ನೊಂದು ದೋಣಿ ಇದೆಯೇ? ಉತ್ತರ ಕೊಡಲು ಬೇಸರಪಡುವವರ ದೋಣಿ ಹತ್ತದಿದ್ದರೆ ನಷ್ಟವೇನಿಲ್ಲ.

ಮಕ್ಕಳು ಹೊಳೆಗೆ ಇಳಿಯಬಾರದೆಂದಲ್ಲ. ನೀರಿನ ಬಲವನ್ನು ಕೈಯಾರೆ ಹುಟ್ಟು ಹಿಡಿದು ಅರಿತ ಮಗು ಅದನ್ನು ಮರೆಯುವುದಿಲ್ಲ. ಸಂಜೆ ಗಣೇಶಗುಡಿಯಿಂದ ಬಸ್ಸು ಹೊರಡುವಾಗ ಒದ್ದೆ ತಲೆಯ ಹುಡುಗರು ಒಬ್ಬರ ಮೇಲೊಬ್ಬರು ಮಾತಾಡುತ್ತಿರುತ್ತಾರೆ. ಬಾಗಿಲಲ್ಲಿ ನಿಂತ ಮೇಷ್ಟರು ಮಾತ್ರ ಸುಮ್ಮನೆ ಬೆರಳು ಮಡಚುತ್ತಾ ತಲೆ ಎಣಿಸುತ್ತಾರೆ. ಅಷ್ಟೇ ಶ್ರದ್ಧೆಯ ಎಣಿಕೆ ಬೆಳಿಗ್ಗೆ ಹೊಳೆಯ ದಡದಲ್ಲೂ ನಡೆಯಬೇಕು.