ಇರುಂಗಾಟ್ಟುಕೋಟ್ಟೈಯ ಹನ್ನೆರಡು ತಿರುವು

ಮೆಕ್ಯಾನಿಕ್ ರೇಸ್ ಕಾರಿನ ಸ್ಟೀರಿಂಗ್ ಕಳಚಿ ಪಕ್ಕಕ್ಕಿಡುತ್ತಾನೆ. ಅದು ಇದ್ದರೆ ನಿಮಗೆ ಒಳಗಿಳಿಯಲು ಜಾಗವೇ ಇಲ್ಲ. ಸೀಟಿನ ಮೇಲೆ ನಿಂತು, ಎರಡೂ ಕೈಯನ್ನು ಅಕ್ಕಪಕ್ಕ ಊರಿ, ಕಾಲುಗಳನ್ನು ಕಾರಿನ ಮೂತಿಯೊಳಗೆ ಜಾರಿಸಬೇಕು. ಸೊಂಟ ಸೀಟಿಗೆ ತಾಗುವ ಹೊತ್ತಿಗೆ ಬೆನ್ನು ಅರ್ಧ ಮಲಗಿರುತ್ತದೆ, ಕಾಲು ಮುಂದಕ್ಕೆ ಚಾಚಿರುತ್ತದೆ, ನೆಲ ಕೈಚಾಚಿದರೆ ಸಿಗುವಷ್ಟು ಹತ್ತಿರ. ಆರು ಪಟ್ಟಿಗಳು ಆರು ಕಡೆಯಿಂದ ಬಂದು ಹೊಟ್ಟೆಯ ಮೇಲಿನ ಒಂದೇ ಬಕಲ್ಲಿಗೆ ಸೇರುತ್ತವೆ.

"ಉಸಿರು ಬಿಡಿ ಸಾರ್."

ಬಿಟ್ಟ ಗಳಿಗೆಗೇ ಭುಜದ ಪಟ್ಟಿಯನ್ನು ಜಗ್ಗುತ್ತಾನೆ. "ಟೈಟಾಯ್ತಾ?" ಆಯ್ತು ಅನ್ನುತ್ತೀರಿ. "ಇಲ್ಲ ಸಾರ್, ಇನ್ನೊಂಚೂರು ಇದೆ." ಮತ್ತೊಂದು ಜಗ್ಗು. ಈಗ ಎದೆ ತುಂಬ ಉಸಿರೆಳೆಯಲು ಆಗುವುದಿಲ್ಲ. ಹೆಲ್ಮೆಟ್ಟಿನ ಎರಡು ಬದಿಗೆ ಕೊಕ್ಕೆ ಸಿಕ್ಕಿಸುತ್ತಾನೆ. ಹೆಗಲ ಮೇಲೆ ಕೂತಿರುವ ಹಾನ್ಸ್ ಎಂಬ ಕೊರಳಪಟ್ಟಿಗೆ ತಲೆಯನ್ನು ಬಿಗಿಯುವುದು ಹೀಗೆ. ಕಾರು ಗೋಡೆಗೆ ಬಡಿದರೆ ಬೆಲ್ಟ್ ಮೈಯನ್ನು ಹಿಡಿಯುತ್ತದೆ, ತಲೆಯನ್ನಲ್ಲ. ತಲೆ ಮುಂದಕ್ಕೆ ಚಿಮ್ಮಿ ಕುತ್ತಿಗೆಯ ಬುಡ ಮುರಿಯದಂತೆ ತಡೆಯುವುದಕ್ಕೇ ಇದು. ಅಮೆರಿಕದ ಎಂಜಿನಿಯರ್ ರಾಬರ್ಟ್ ಹಬ್ಬರ್ಡ್ 1980ರ ದಶಕದಲ್ಲಿ ಮಾಡಿದ್ದು. ಫಾರ್ಮುಲಾ ಒನ್ ಅದನ್ನು ಕಡ್ಡಾಯ ಮಾಡಿದ್ದು 2003ರಲ್ಲಿ. ಆ ನಡುವಿನ ವರ್ಷಗಳಲ್ಲಿ ಹೋದ ಜೀವಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

"ಈಗ ಇಳೀರಿ," ಅನ್ನುತ್ತಾರೆ ತರಬೇತುದಾರರು.

ಇಷ್ಟೆಲ್ಲ ಕಟ್ಟಿದ್ದು ಬಿಚ್ಚುವುದಕ್ಕೆ. ಬಕಲ್ ತಿರುಗಿಸಬೇಕು, ಸ್ಟೀರಿಂಗ್ ಕಳಚಬೇಕು, ಕೈಯೂರಿ ಎದ್ದು ಆಚೆ ಬೀಳಬೇಕು. ಮೊದಲ ಸಲ ಪಟ್ಟಿಯೊಂದು ಮೊಣಕೈಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಒಳಗೆ, ಮತ್ತೆ ಹೊರಗೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಯಾಕೆಂದರೆ ಹೊಗೆ ತುಂಬಿದಾಗ ಏನೂ ಕಾಣುವುದಿಲ್ಲ. ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು ಎಲ್ಲಿದೆ, ಅಂದರೆ ಇಡೀ ಕಾರಿನ ಕರೆಂಟ್ ಕಡಿಯುವ ಸ್ವಿಚ್ ಎಲ್ಲಿದೆ ಎಂದು ಬೆರಳಿಗೇ ಗೊತ್ತಾಗಬೇಕು. ಎಂಜಿನ್ ಇನ್ನೂ ಶುರುವಾಗಿಲ್ಲ. ಬೆವರು ಆಗಲೇ ಕಣ್ಣಿಗೆ ಇಳಿಯುತ್ತಿದೆ.

ಇದು ಇರುಂಗಾಟ್ಟುಕೋಟ್ಟೈ. ಬೆಂಗಳೂರು ಬಿಟ್ಟು ಕೃಷ್ಣಗಿರಿ, ವೆಲ್ಲೂರು ದಾಟಿ, ಶ್ರೀಪೆರಂಬುದೂರು ಕಳೆದರೆ ಚೆನ್ನೈಗೆ ಮುಂಚೆ ಸಿಗುವ ಊರು. ಹುಂಡೈ ಕಾರ್ಖಾನೆ ಇಲ್ಲೇ ಇದೆ. ಹೊಸ ಕಾರು ಹೇರಿಕೊಂಡ ಟ್ರೇಲರ್‌ಗಳು ಹೆದ್ದಾರಿಯಲ್ಲಿ ಸಾಲುಗಟ್ಟಿರುತ್ತವೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಮೊದಲು ಶೋಳಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಸುತ್ತಿತ್ತು. 1990ರಲ್ಲಿ ಇಲ್ಲಿ ಸ್ವಂತ ಟ್ರ್ಯಾಕ್ ತೆರೆಯಿತು. ಉದ್ದ 3.7 ಕಿಲೋಮೀಟರ್, ತಿರುವು ಹನ್ನೆರಡು. ಹೆಸರಿಲ್ಲ, ಸಿ-1ರಿಂದ ಸಿ-12. ರೇಸ್ ಕಲಿಯಬೇಕೆಂದು ಹೊರಟ ಬೆಂಗಳೂರಿಗರು ಇಲ್ಲಿಗೆ ಬರುತ್ತಾರೆ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ಆ ಟ್ರ್ಯಾಕಿಗೆ ಹೆಸರು ಬಂದಿದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ ಎಂಜಿನ್ ಕೂರಿಸಿ ಒಂದೇ ಸೀಟಿನ ರೇಸ್ ಕಾರು ಕಟ್ಟಿದ ಮನುಷ್ಯ. ನಮ್ಮ ದೇಶದಲ್ಲಿ ಸಾಹುಕಾರರಲ್ಲದವರೂ ಫಾರ್ಮುಲಾ ಕಾರಿನಲ್ಲಿ ಕೂರುವಂತಾಗಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಓಡಿಸುವ ಮೊದಲು ನಡೆಯಬೇಕು. ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ತರಬೇತುದಾರರ ಹಿಂದೆ ಇಡೀ ಟ್ರ್ಯಾಕ್ ಸುತ್ತುತ್ತೀರಿ. ಟಿವಿಯಲ್ಲಿ ಚಪ್ಪಟೆಯಾಗಿ ಕಾಣುವ ರಸ್ತೆ ಕಾಲಿಗೆ ಬೇರೆಯೇ. ಒಂದು ಕಡೆ ಓರೆ, ಒಂದು ಕಡೆ ಹೊಸ ಡಾಂಬರಿನ ತೇಪೆ. ತಿರುವೊಂದರಲ್ಲಿ ಅವರು ಕುಕ್ಕರಗಾಲಲ್ಲಿ ಕೂತು ಕರ್ಬ್ ಮುಟ್ಟಿ ತೋರಿಸುತ್ತಾರೆ. ಬಣ್ಣ ಒಂದೇ ಜಾಗದಲ್ಲಿ ಸವೆದು ಹೋಗಿದೆ, ಅದರ ಮೇಲೆ ಕರಿ ರಬ್ಬರಿನ ಮೆತ್ತು.

"ಬಲ್ಲವರೆಲ್ಲ ಇಲ್ಲೇ ಚಕ್ರ ಇಟ್ಟಿದ್ದಾರೆ. ಏಪೆಕ್ಸ್ ಇದು. ನೀವು ನಿಂತಿದೀರಲ್ಲ, ಅಲ್ಲಿ ನೋಡಿ."

ಕಾಲಡಿ ನೋಡಿದರೆ ಟೈರಿನಿಂದ ಕಿತ್ತುಬಂದ ರಬ್ಬರ್ ಚೂರುಗಳು, ಕಪ್ಪಗೆ, ಉಂಡೆಯುಂಡೆಯಾಗಿ. ಕಾರುಗಳು ಹಾಯುವ ದಾರಿ, ಅಂದರೆ ರೇಸಿಂಗ್ ಲೈನಿನ ಮೇಲೆ ಒಂದೂ ಇಲ್ಲ. ಲೈನ್ ಬಿಟ್ಟು ಆಚೆ ಬಂದ ಕಾರಿನ ಚಕ್ರ ಇವುಗಳ ಮೇಲೆ ಉರುಳಿ ಜಾರುತ್ತದೆ. ಎರಡು ಬೆರಳಲ್ಲಿ ಒಂದು ಚೂರು ಎತ್ತಿ ಹಿಸುಕುತ್ತೀರಿ. ಬಿಸಿಲಿಗೆ ಇನ್ನೂ ಮೆತ್ತಗಿದೆ.

ಎಂಜಿನ್ ಶುರು. ಬೆನ್ನ ಹಿಂದೆಯೇ ಇರುವುದರಿಂದ ಸದ್ದು ಕಿವಿಗಿಂತ ಮೊದಲು ಬೆನ್ನುಮೂಳೆಗೆ ಬರುತ್ತದೆ. ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಮೊದಲ ಪಾಠ ಬ್ರೇಕಿನದು. ನೇರ ದಾರಿಯಲ್ಲಿ ಎರಡು ಕೋನ್ ಇಟ್ಟಿದ್ದಾರೆ; ಅಲ್ಲಿವರೆಗೆ ವೇಗ, ಅಲ್ಲಿಂದ ನಿಲ್ಲಬೇಕು.

ಗಂಟೆಗೆ 120 ಕಿಲೋಮೀಟರ್ ಅಂದರೆ ಸೆಕೆಂಡಿಗೆ 33 ಮೀಟರ್. 60ರಲ್ಲಿ ನಿಲ್ಲಲು ಬೇಕಾದ ದೂರದ ಎರಡರಷ್ಟಲ್ಲ, ನಾಲ್ಕರಷ್ಟು ಬೇಕು. ಕೋನ್ ಬಂತು, ಒತ್ತುತ್ತೀರಿ. ಊರಿನ ಟ್ರಾಫಿಕ್ಕಿನಲ್ಲಿ ಕಲಿತ ಕಾಲು ಅದು. ಮೆಲ್ಲಗೆ ಶುರುಮಾಡಿ ಕೊನೆಗೆ ಗಾಬರಿಯಾಗಿ ತುಳಿಯುತ್ತದೆ. ಮುಂದಿನ ಚಕ್ರವೊಂದು ಕಟ್ಟಿಕೊಂಡು ಕಿರುಚುತ್ತದೆ, ಬಿಳಿ ಹೊಗೆ ಕಣ್ಣೆದುರೇ ಏಳುತ್ತದೆ. ಚಕ್ರಗಳು ಬಯಲಲ್ಲೇ ಇರುವುದರಿಂದ ಅದು ನಿಂತೇಹೋಗಿದ್ದು ನಿಮಗೆ ಕಾಣುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ.

"ಉಲ್ಟಾ ಮಾಡಿ ನೋಡಿ. ಬ್ರೇಕ್ ಮೊದಲು ಜೋರು, ಆಮೇಲೆ ಹಗುರ," ಅನ್ನುತ್ತಾರೆ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಕಾರಿನ ಭಾರವೂ ಹಾಗೇ ಮುಂದಿನ ಟೈರಿಗೆ ಬರುತ್ತದೆ. ಭಾರ ಬಿದ್ದ ಟೈರಿಗೆ ಹಿಡಿತ ಹೆಚ್ಚು. ವೇಗ ಹೆಚ್ಚಿದ್ದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿದಂತೆ ಪಾದ ಸಡಿಲಿಸಿ, ತಿರುವಿಗೆ ಹೊರಳುವಾಗ ಇನ್ನಷ್ಟು ಸಡಿಲಿಸಬೇಕು. ಟೈರಿಗೆ ಇರುವುದು ಇಷ್ಟೇ ಹಿಡಿತ. ಅದನ್ನೆಲ್ಲ ಬ್ರೇಕಿಗೇ ಖರ್ಚು ಮಾಡಿದರೆ ತಿರುಗುವುದಕ್ಕೆ ಉಳಿಯುವುದಿಲ್ಲ. ಮತ್ತೆ ಕೋನ್, ಮತ್ತೆ ಪೆಡಲ್. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನ ಮೀನಖಂಡ ನಡುಗುತ್ತಿರುತ್ತದೆ. ಒಂದು ಸಲ ಮಾತ್ರ ಎಲ್ಲ ಕೂಡಿಬರುತ್ತದೆ: ಚಕ್ರ ಕಟ್ಟಿಕೊಳ್ಳುವ ಅಂಚಿನಲ್ಲಿ ಟೈರ್ ಸಣ್ಣಗೆ ನರಳುತ್ತದೆ, ಕಾರು ನೆಲಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ಆ ನರಳಿಕೆ ಒಮ್ಮೆ ಪಾದಕ್ಕೆ ಸಿಕ್ಕಿತು ಅಂದರೆ ಮತ್ತೆ ಮರೆಯುವುದಿಲ್ಲ. ಕಾರ್ ರೇಸಿನಲ್ಲಿ ಇದಕ್ಕಿಂತ ಚೆಂದದ ಸಂಗತಿ ನನಗೆ ಗೊತ್ತಿಲ್ಲ, ಗೆಲುವೂ ಸೇರಿದಂತೆ.

ಊಟದ ನಂತರ ಬಾವುಟಗಳು. ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನಿಸಿ, ಹಿಂದಿಕ್ಕುವಂತಿಲ್ಲ. ಹಳದಿಯ ಮೇಲೆ ಕೆಂಪು ಪಟ್ಟಿ ಇದ್ದರೆ ದಾರಿ ಜಾರುತ್ತದೆ. ನೀಲಿ, ವೇಗದ ಕಾರು ಹಿಂದಿದೆ. ಬಿಳಿ, ನಿಧಾನದ ವಾಹನ ಮುಂದಿದೆ. ಕಪ್ಪಿನ ಮೇಲೆ ಕಿತ್ತಳೆ ವೃತ್ತ ಮತ್ತು ನಿಮ್ಮ ನಂಬರ್ ಕಂಡರೆ ನಿಮ್ಮ ಕಾರಿನಲ್ಲೇ ಏನೋ ಕೆಟ್ಟಿದೆ, ಪಿಟ್ಟಿಗೆ ಬನ್ನಿ. ಕೆಂಪು ಬಂದರೆ ಓಟವೇ ನಿಂತಿತು. ಕ್ಲಾಸಿನಲ್ಲಿ ಕೂತು ಹೇಳುವಾಗ ಎಲ್ಲ ಬಾಯಿಗೇ ಬರುತ್ತದೆ.

ಟ್ರ್ಯಾಕಿನಲ್ಲಿ ನೋಡಿ. ಮುಖ್ಯ ನೇರ ಮುಗಿದು ಸಿ-1, ವೇಗದಲ್ಲೇ ಹಾಯಬೇಕಾದ ತಿರುವು. ಮನಸ್ಸು ಪೂರ್ತಿ ಅದರ ಮೇಲಿದೆ. ಹಿಂದಿನ ಸುತ್ತಿಗಿಂತ ಬ್ರೇಕ್ ತಡ, ಏಪೆಕ್ಸ್ ಸರಿ, ಆಕ್ಸಿಲರೇಟರ್ ಬೇಗ. ಇದು ನಿಮ್ಮ ಒಳ್ಳೆಯ ಸುತ್ತು, ಮೈಗೇ ಗೊತ್ತಾಗುತ್ತಿದೆ. ಮುಂದಿನ ಕಾರು ಹತ್ತಿರವಾಗುತ್ತಿದೆ, ಇನ್ನೊಂದು ತಿರುವಿನಲ್ಲಿ ಹಿಂದಿಕ್ಕಬಹುದು. ಆಗ ಎಡಗಡೆಯ ಮಾರ್ಷಲ್ ಪೋಸ್ಟಿನಲ್ಲಿ ಏನೋ ಹಳದಿ ಅಲುಗಾಡುತ್ತದೆ.

ಪಾದ ಎತ್ತುತ್ತೀರಿ. ವೇಗ ಸೋರುತ್ತದೆ. ಕನ್ನಡಿಯಲ್ಲಿ ಹಿಂದಿನ ಕಾರು ದೊಡ್ಡದಾಗುತ್ತದೆ. ಅವನೂ ನೋಡಿರಲಿ ಎಂದು ಬೇಡಿಕೊಳ್ಳುತ್ತೀರಿ. ತಿರುವಿನ ಆಚೆ, ನೀವು ಬರಬೇಕಿದ್ದ ಲೈನಿನ ಮೇಲೇ, ಒಂದು ಕಾರು ಗಿರಕಿ ಹೊಡೆದು ನಿಮಗೆ ಮುಖಮಾಡಿ ನಿಂತಿದೆ. ಅದರ ಪಕ್ಕ ಕಿತ್ತಳೆ ಬಟ್ಟೆಯ ಮಾರ್ಷಲ್ ಒಬ್ಬರು ಓಡುತ್ತಿದ್ದಾರೆ, ನಿಮ್ಮ ಕಡೆಗೆ ಬೆನ್ನು ತಿರುಗಿಸಿ.

ಬೆನ್ನು ತಿರುಗಿಸಿ ಓಡಬೇಕಾದರೆ ಬರುವ ಕಾರಿನವನನ್ನು ಅವರು ಎಷ್ಟು ನಂಬಿರಬೇಕು! ಬಿಸಿಲಲ್ಲಿ ಇಡೀ ದಿನ ನಿಲ್ಲುವ ಮಾರ್ಷಲ್‌ಗಳಲ್ಲಿ ಬಹಳ ಮಂದಿ ಈ ಆಟದ ಮೇಲಿನ ಪ್ರೀತಿಗೆ ಬರುವವರು. ರೇಸಿಗೆ ಬೇಕಾದ ಲೈಸೆನ್ಸ್ ಅನ್ನುವುದು ಆ ನಂಬಿಕೆಯ ಕಾಗದ ಎಂದು ನಾನು ತಿಳಿದಿದ್ದೇನೆ. ರಾತ್ರಿ ನಂದಿಬೆಟ್ಟದ ದಾರಿಯಲ್ಲಿ, ನೈಸ್ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವ ಹುಡುಗರಿಗೆ ವೇಗದ ಆಸೆ ಇರುವುದು ತಪ್ಪಲ್ಲ. ಅಲ್ಲಿ ಬಾವುಟ ಹಿಡಿದವರಿಲ್ಲ, ಎದುರಿಗೆ ಬರುವ ಹಾಲಿನ ವ್ಯಾನಿನವನಿಗೆ ಪಂದ್ಯ ನಡೆಯುತ್ತಿರುವುದೇ ಗೊತ್ತಿಲ್ಲ. ಅವರಲ್ಲಿ ಒಬ್ಬೊಬ್ಬರನ್ನೂ ಕೈಹಿಡಿದು ಇಲ್ಲಿಗೆ ಕರೆತರಬೇಕು ಅನಿಸುತ್ತದೆ.

ಪಿಟ್ಟಿಗೆ ಬಂದು ಹೆಲ್ಮೆಟ್ ತೆಗೆದಾಗ ತರಬೇತುದಾರರ ಕೈಯಲ್ಲಿ ಹಾಳೆಯಿದೆ. ಸುತ್ತಿನ ಸಮಯ ಎಷ್ಟಾಯಿತು ಎಂದು ಕೇಳುತ್ತೀರಿ.

"ಅದಿರಲಿ. ಹಳದಿ ಎಲ್ಲಿ ಕಾಣಿಸ್ತು ನಿಮಗೆ?"

ಹೇಳುತ್ತೀರಿ.

"ಅದಕ್ಕೂ ಹಿಂದಿನ ಪೋಸ್ಟಿನಿಂದಲೇ ಕಾಣ್ತಿತ್ತು. ಕಣ್ಣು ಮುಂದಿನ ಕಾರಿನ ಹಿಂಬದಿಗೆ ಅಂಟಿಸಿಕೊಂಡಿದ್ರಿ. ಇನ್ನೂ ದೂರ ನೋಡಿ. ಆದ್ರೆ ಪಾದ ಎತ್ತಿದ್ರಲ್ಲ, ಸರಿಯಾಗಿ ಎತ್ತಿದ್ರಿ." ಹಾಳೆಯ ಮೇಲೆ ಒಂದು ಗುರುತು ಹಾಕುತ್ತಾರೆ.

ಉಳಿದದ್ದು ಕಾಗದಪತ್ರ. ಭಾರತದಲ್ಲಿ ಮೋಟಾರ್ ಕ್ರೀಡೆಯ ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ, 1971ರಲ್ಲಿ ಶುರುವಾದ ಒಕ್ಕೂಟ. ತರಬೇತಿಯ ಪ್ರಮಾಣಪತ್ರ, ಡಾಕ್ಟರು ಪರೀಕ್ಷಿಸಿ ಬರೆದ ಫಿಟ್‌ನೆಸ್, ರಕ್ತದ ಗುಂಪು, ಫೋಟೊ, ಶುಲ್ಕ. ಹದಿನೆಂಟು ತುಂಬದವರಿಗೆ ಅಪ್ಪ-ಅಮ್ಮನ ಒಪ್ಪಿಗೆ. ವರ್ಷ ಕಳೆದರೆ ನವೀಕರಿಸಬೇಕು.

ದುಡ್ಡಿನ ಮಾತು ಬಂದೇ ಬರುತ್ತದೆ. ಉಳಿಸಲು ಬೈಕಿನ ಹೆಲ್ಮೆಟ್ ತರಬೇಡಿ. ಹೆಲ್ಮೆಟ್ ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಗುರುತಿನಲ್ಲಿ ಎಂ ಎಂದಿದ್ದರೆ ಅದು ಬೈಕಿಗೆ. ಕಾರಿಗೆ ಎಸ್‌ಎ ಬೇಕು, ಬೆಂಕಿಗೂ ರೋಲ್‌ಬಾರ್‌ಗೆ ತಲೆ ಬಡಿಯುವುದಕ್ಕೂ ಪರೀಕ್ಷಿಸಿದ್ದು. ರೇಸಿಗೆ ಮುಂಚಿನ ತಪಾಸಣೆಯಲ್ಲಿ ಒಳಗಿನ ಚೀಟಿ ಎತ್ತಿ ನೋಡುತ್ತಾರೆ. ಉಳಿಸುವುದಾದರೆ ಕಾರಿನಲ್ಲಿ ಉಳಿಸಿ, ಕೊಳ್ಳಬೇಡಿ, ಬಾಡಿಗೆಗೆ ಹಿಡಿಯಿರಿ.

"ಫಾರ್ಮುಲಾನೋ, ಟೂರಿಂಗೋ?" ತರಬೇತುದಾರರು ಸಹಿ ಹಾಕುತ್ತಾ ಕೇಳುತ್ತಾರೆ.

ಫಾರ್ಮುಲಾ ಅನ್ನಬೇಕೆಂದು ನಾಲಿಗೆ ತುದಿಗೆ ಬಂದಿದೆ. ಅವರೇ ಮುಂದುವರಿಸುತ್ತಾರೆ. "ಚಕ್ರಕ್ಕೆ ಚಕ್ರ ತಾಗಿದ್ರೆ ಫಾರ್ಮುಲಾ ಕಾರು ಮೇಲಕ್ಕೇಳುತ್ತೆ. ಟೂರಿಂಗ್ ಕಾರಿನಲ್ಲಾದ್ರೆ ಬಾಗಿಲು ತಗ್ಗಾಗುತ್ತೆ, ಅಷ್ಟೇ. ಮೊದಲನೇ ವರ್ಷ ಇಪ್ಪತ್ತು ಜನರ ನಡುವೆ ಓಡ್ಸೋದನ್ನ ಕಲೀರಿ. ರೇಸ್ ಇರೋ ವಾರ ಗುರುವಾರ ರಾತ್ರಿನೇ ಬಂದ್ಬಿಡಿ, ಶುಕ್ರವಾರ ಬೆಳಗ್ಗೆನೇ ಪ್ರಾಕ್ಟೀಸ್ ಇರುತ್ತೆ."